ದಾವಣಗೆರೆಗೆ ಐದು ಚಪ್ಪಾಳೆ

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ನಮ್ಮ ಬಡಾವಣೆಯ ಶಾಖಾ ಗ್ರಂಥಾಲಯದ ಜಗುಲಿಯಲ್ಲಿ ಜಮಖಾನ ಹಾಸುತ್ತೇನೆ. ಅದರ ಮೇಲೆ ಒಂದೂವರೆ ವರ್ಷದಿಂದ ಮೂರು ವರ್ಷದೊಳಗಿನ ಎಂಟೋ ಹತ್ತೋ ಮಕ್ಕಳು, ಅವರ ಬೆನ್ನಿಗೆ ತಾಯಂದಿರು, ಅಜ್ಜಿಯರು, ಒಬ್ಬಿಬ್ಬರು ಅಪ್ಪಂದಿರು. ನಾನು ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು. ಅಲ್ಲಿ ನನ್ನ ಕೈಗೆ ಬರುತ್ತಿದ್ದ ಮಕ್ಕಳಿಗೆ ಆರು ತುಂಬಿರುತ್ತಿತ್ತು. ಅಕ್ಷರ ತಿದ್ದಿಸಲು ಅದು ಸರಿಯಾದ ವಯಸ್ಸು. ಪುಸ್ತಕದ ರುಚಿ ಹತ್ತಿಸಲು ಮಾತ್ರ ಅಷ್ಟು ವರ್ಷ ಕಾಯಬಾರದಿತ್ತು ಎಂದು ನಿವೃತ್ತಳಾದ ಮೇಲೆ ಅರಿವಾಯಿತು.

ಈ ಪುಟ್ಟವರ ಆಟ, ಚಪ್ಪಾಳೆ, ಪುಸ್ತಕದ ಅರ್ಧ ಗಂಟೆಗೆ ಮೊದಲು ಬೇರೊಂದು ಕಡೆ ಜಾಗ ಕೇಳಿದ್ದೆ. "ಇಷ್ಟು ಚಿಕ್ಕವರಿಗೆ ಇಲ್ಲೇನು ಕೆಲಸ? ಪುಸ್ತಕ ಹರಿಯುತ್ತಾರೆ, ಗಲಾಟೆ ಮಾಡುತ್ತಾರೆ" ಎಂದರು. ಆ ಮಾತು ನನ್ನನ್ನು ತುಂಬಾ ನೋಯಿಸಿತು. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು ಎಂದು ಗ್ರಂಥಾಲಯ ಶಾಸ್ತ್ರಜ್ಞ ಎಸ್.ಆರ್. ರಂಗನಾಥನ್ 1931ರಲ್ಲೇ ಬರೆದಿಟ್ಟರು. ಓದುಗನಿಗೆ ಇಷ್ಟು ವಯಸ್ಸಾಗಿರಬೇಕು ಎಂಬ ಷರತ್ತು ಅದರಲ್ಲಿ ಇಲ್ಲ. ನಮ್ಮ ರಾಜ್ಯದ 1965ರ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆಗೇ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ. ತೊಟ್ಟಿಲಿರುವ ಮನೆಗೆ ಅದರಲ್ಲಿ ವಿನಾಯಿತಿ ಇಲ್ಲವಲ್ಲ! ಈಗಿರುವ ಕಡೆ ಒಳಕೋಣೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಕುಳಿತಿರುತ್ತಾರೆ, ಜಗುಲಿ ಅರ್ಧ ಗಂಟೆ ನಮ್ಮದು.

ಶುರುವಾಗುವುದು ಮಂಡಕ್ಕಿಯಿಂದ. ಮಂಡಕ್ಕಿ ಭಟ್ಟಿಗಳ ಊರಲ್ಲಿ ಬೇರೆ ಯಾವ ಆಟ ಹೇಳಿಕೊಡಲಿ? ಮಕ್ಕಳೆಲ್ಲ ಕುಕ್ಕರುಗಾಲಿನಲ್ಲಿ ಕೂರುತ್ತಾರೆ. ಅವರೇ ಅಕ್ಕಿ. ಉಪ್ಪುನೀರು ಚಿಮುಕಿಸಿದೆ ಎಂದರೆ ಮೈ ಒರೆಸಿಕೊಳ್ಳುತ್ತಾರೆ. ಮರಳು ಕಾಯುತ್ತಿದೆ ಎಂದು ದನಿ ತಗ್ಗಿಸಿದರೆ ಅಂಗೈ ಉಜ್ಜುತ್ತಾರೆ. ಆಮೇಲೆ ನಾನೇ ಕಟ್ಟಿದ ಸಾಲು:

ಉಪ್ಪಿನ ಅಕ್ಕಿ, ಕಾದ ಮರಳು,
ಅರಳು ಅರಳು ಮಂಡಕ್ಕಿ!

ಎಲ್ಲರೂ ಒಮ್ಮೆಗೇ ಅರಳುತ್ತಾರೆ. ಆಗ ಅವರ ಪಾದಗಳನ್ನು ನೋಡಬೇಕು. ಎರಡು ದಾಟಿದವರ ಎರಡೂ ಕಾಲು ನೆಲ ಬಿಡುತ್ತವೆ. ಅದಕ್ಕಿಂತ ಚಿಕ್ಕವರು ಮೊಣಕಾಲು ಬಗ್ಗಿಸಿ, ಸರ್ರನೆ ನೇರವಾಗಿ, ಹಿಮ್ಮಡಿ ಎತ್ತಿ ನಿಲ್ಲುತ್ತಾರೆ. ಪಾದದ ಬೆರಳು ಜಮಖಾನ ಬಿಟ್ಟಿರುವುದಿಲ್ಲ. ಆದರೂ ಹಾರಿಬಿಟ್ಟೆ ಎಂಬ ಸಂತೋಷ ಮುಖದ ತುಂಬ ಇರುತ್ತದೆ. ನನಗೆ ಆ ಮುಖವನ್ನು ಎಷ್ಟು ನೋಡಿದರೂ ಸಾಲದು.

ಊಟ ಮಾಡಿಸಲು ಮೊಬೈಲ್ ಬೇಕೇ ಬೇಕು ಎಂದು ಹೇಳುವ ತಾಯಂದಿರಿದ್ದಾರೆ. ಅವರನ್ನು ನಾನು ಗದರಿಸುವುದಿಲ್ಲ, ಮನೆಗೆಲಸದ ಭಾರ ನನಗೂ ಗೊತ್ತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದನ್ನಷ್ಟೇ ತಿಳಿಸುತ್ತೇನೆ: ಒಂದು ವರ್ಷದ ಮಗುವಿಗೆ ಪರದೆ ಬೇಡ, ಎರಡು ವರ್ಷದ್ದಕ್ಕೆ ದಿನಕ್ಕೆ ಒಂದು ಗಂಟೆ ಮೀರಬಾರದು, ಆದರೆ ಮೈ ಆಡಿಸುವುದಕ್ಕೆ ಕನಿಷ್ಠ 180 ನಿಮಿಷ ಬೇಕು. ಅದರಲ್ಲಿ ಕೆಲವು ನಿಮಿಷಗಳನ್ನು ಮಂಡಕ್ಕಿ ಆಟದಿಂದಲೇ ತುಂಬಬಹುದು.

ಮುಂದಿನದು ಚಪ್ಪಾಳೆ. ಮಂ-ಡ-ಕ್ಕಿ ಎಂದರೆ ಮೂರು. ಬೆ-ಣ್ಣೆ ಎಂದರೆ ಎರಡು. ದಾ-ವ-ಣ-ಗೆ-ರೆ ಎಂದರೆ ಐದು. ನಮ್ಮ ಲಿಪಿಯ ಚೆಲುವು ಇಲ್ಲಿ ನೆರವಿಗೆ ಬರುತ್ತದೆ: ಈ ಪದಗಳಲ್ಲಿ ಕಿವಿಗೆ ಬೀಳುವ ತುಂಡು ಎಷ್ಟೋ ಕಾಗದದ ಮೇಲೆ ಅಕ್ಷರವೂ ಅಷ್ಟೇ. ಪದವನ್ನು ಕೈಯಲ್ಲಿ ಬಿಡಿಸಿ ನೋಡಿದ ಮಗುವಿಗೆ ಮುಂದೆ ಸ್ಲೇಟಿನ ಮೇಲೆ ಅದು ಅಪರಿಚಿತ ಆಗಿರುವುದಿಲ್ಲ. ಒಬ್ಬ ತಾಯಿ, ಮನೆಯಲ್ಲಿ ಉರ್ದು ಮಾತಾಡುವವರು, "ನಾವು ಮುರ್ಮುರಾ ಎನ್ನುತ್ತೇವೆ" ಎಂದರು. ತಟ್ಟಿ ನೋಡಿದೆವು. ಮು-ರ್ಮು-ರಾ. ಅದೂ ಮೂರೇ! ಈಗ ಪ್ರತಿ ವಾರ ಎರಡನ್ನೂ ತಟ್ಟುತ್ತೇವೆ.

ಗಿಲಕಿಗಾಗಿ ಸಣ್ಣ ಬಾಟಲಿಗಳಿಗೆ ಹುಣಸೆಬೀಜ ತುಂಬಿದ್ದೆ. ಎರಡನೇ ವಾರವೇ ಒಂದರ ಮುಚ್ಚಳ ಬಿಚ್ಚಿ ಬೀಜಗಳು ಚೆಲ್ಲಾಡಿದವು. ಮೂರು ವರ್ಷದೊಳಗಿನವರು ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತಾರೆ, ಒಂದು ಬೀಜ ಗಂಟಲಿಗೆ ಅಡ್ಡವಾದರೆ ಸಾಕು. ಎಲ್ಲವನ್ನೂ ಆರಿಸಿ ಮುಗಿಸುವವರೆಗೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅಂದಿನಿಂದ ಬೀಜವೂ ಇಲ್ಲ, ಬಾಟಲಿಯೂ ಇಲ್ಲ. ಸ್ಟೀಲ್ ತಟ್ಟೆ ಮತ್ತು ಮರದ ಸೌಟು, ಅಷ್ಟೇ.

ಕುಣಿದು ದಣಿದ ಮೇಲೆ ಪುಸ್ತಕ. ಒಂದೇ ಪುಸ್ತಕ, ಪ್ರತಿ ವಾರ ಅದೇ. ದೊಡ್ಡವರಿಗೆ ಬೇಸರವಾಗಬಹುದು, ಚಿಕ್ಕವರಿಗೆ ಮುಂದೇನು ಬರುತ್ತದೆಂದು ಮೊದಲೇ ಗೊತ್ತಿರುವುದೇ ಸುಖ. ಆದರೆ ಎರಡು ವರ್ಷದ ಒಬ್ಬ ಹುಡುಗ ಐದನೇ ಪುಟ ಬಂದೊಡನೆ ಎದ್ದು ಬಂದು ಅಂಗೈ ಊರಿಬಿಡುತ್ತಿದ್ದ. ಪುಟ ತಿರುಗಿಸಲು ಬಿಡುತ್ತಿರಲಿಲ್ಲ. ಮರದ ಮೇಲೆ ಕಾಗೆ ಕುಳಿತಿರುವ ಚಿತ್ರ ಅದು. ಕಾಗೆ ಇಷ್ಟವೇನೋ ಎಂದು ನಾನು ಕಾ ಕಾ ಎಂದು ಕೂಗಿದೆ, ರೆಕ್ಕೆ ಬಡಿದೆ. ಅವನು ನನ್ನ ಕಡೆ ನೋಡಲೂ ಇಲ್ಲ. ಮೂರು ವಾರ ಹೀಗೇ ನಡೆಯಿತು. ನಾಲ್ಕನೇ ವಾರ ನಾನು ಸುಮ್ಮನಾಗಿ, ಅವನ ತಲೆಯ ಮಟ್ಟಕ್ಕೆ ಬಗ್ಗಿ, ಅವನ ಬೆರಳು ಎಲ್ಲಿದೆ ಎಂದು ನೋಡಿದೆ. ಪುಟದ ಕೆಳಮೂಲೆಯಲ್ಲಿ, ಮರದ ಬೇರಿನ ಹತ್ತಿರ, ಎಳ್ಳಿನಷ್ಟು ದೊಡ್ಡ ಇರುವೆಯೊಂದಿತ್ತು. ಕಥೆಯಲ್ಲಿ ಅದರ ಸುದ್ದಿಯೇ ಇಲ್ಲ. ಆ ಪುಸ್ತಕವನ್ನು ಎಷ್ಟೋ ಸಲ ಓದಿದ್ದರೂ ನಾನು ಅದನ್ನು ಕಂಡಿರಲಿಲ್ಲ.

"ಇರುವೆ" ಎಂದೆ. ಅವನು ನನ್ನ ಮುಖವನ್ನೊಮ್ಮೆ ನೋಡಿ, ತಾನೇ ಪುಟ ತಿರುಗಿಸಿದ.

ಈಗ ಐದನೇ ಪುಟ ಬಂದರೆ ಹತ್ತು ಮಕ್ಕಳೂ ಎದ್ದು ಬಂದು ಬೇರಿನ ಮೇಲೆ ಬೆರಳಿಡುತ್ತಾರೆ. ಇ-ರು-ವೆ, ಮೂರು ಚಪ್ಪಾಳೆ. ಆ ಮೂಲೆ ಸವೆದು ಬಿಳಿಚಿಕೊಂಡಿದೆ. ಮುಂದಿನ ಭಾನುವಾರದೊಳಗೆ ಅದಕ್ಕೊಂದು ಅಂಟುಪಟ್ಟಿ ಹಚ್ಚಬೇಕು, ಇರುವೆ ಕಾಣುವ ಹಾಗೆ.