ಹೊಸ ಬೌಲಿಂಗ್ ಚೆಂಡಿಗೆ ತೂತು ಕೊರೆಸುವ ಮುನ್ನ

ಟೆನ್‌ಪಿನ್ ಬೌಲಿಂಗ್ ಆಟಕ್ಕೆ ಹೊಸ ಚೆಂಡನ್ನು ಕೊಳ್ಳುವವರು ಅದರ ಕವರ್‌ಸ್ಟಾಕ್ (ಹೊರಪದರ), ಕೋರ್ (ಒಳಗಿನ ಭಾರದ ತಿರುಳು), ತೂಕ, ಬಣ್ಣ ಎಲ್ಲವನ್ನೂ ವಾರಗಟ್ಟಲೆ ಯೋಚಿಸಿ ಆರಿಸುತ್ತಾರೆ. ಆದರೆ ಬೆರಳಿನ ತೂತುಗಳು ಎಲ್ಲಿ ಬೀಳಬೇಕೆಂಬ ಪ್ರಶ್ನೆ ಬಂದಾಗ, "ಚೆನ್ನಾಗಿ ಹುಕ್ ಆಗುವಂತೆ (ಬಾಗಿ ತಿರುಗುವಂತೆ) ಕೊರೆದುಕೊಡಿ" ಎಂದು ಡ್ರಿಲ್ಲರ್‌ಗೆ ಒಂದೇ ಮಾತು ಹೇಳಿ ಸುಮ್ಮನಾಗುವವರೇ ಹೆಚ್ಚು. ಇದನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ. ಲೇಔಟ್, ಅಂದರೆ ತೂತುಗಳ ಜಾಗದ ನಿರ್ಧಾರ, ಚೆಂಡಿನಿಂದ ಆರಂಭವಾಗುವ ಲೆಕ್ಕವಲ್ಲ. ಆಟಗಾರನ ಕೈಯಿಂದ ಆರಂಭವಾಗಿ, ಅವನ ಚೀಲದಲ್ಲಿ ಈಗಾಗಲೇ ಇರುವ ಚೆಂಡುಗಳು ಮಾಡಲಾಗದ ಕೆಲಸ ಯಾವುದು ಎಂಬಲ್ಲಿಗೆ ಬಂದು ನಿಲ್ಲುವ ಲೆಕ್ಕ.

ಕೈಯ ಲೆಕ್ಕವೆಂದರೆ ಮೊದಲಿಗೆ ಪಿಎಪಿ (ಪಾಸಿಟಿವ್ ಆಕ್ಸಿಸ್ ಪಾಯಿಂಟ್). ಚೆಂಡು ಕೈಬಿಟ್ಟ ಕ್ಷಣದಲ್ಲಿ ಯಾವ ಅಕ್ಷದ ಸುತ್ತ ತಿರುಗುತ್ತದೆಯೋ ಆ ಅಕ್ಷ ಚೆಂಡಿನ ಮೇಲ್ಮೈಯನ್ನು ಮುಟ್ಟುವ ಬಿಂದುವಿಗೆ ಆ ಹೆಸರು. ಬಲಗೈ ಆಟಗಾರರಲ್ಲಿ ಅದು ಹಿಡಿತದ ನಡುಬಿಂದುವಿನಿಂದ ಬಲಕ್ಕೆ ಇರುತ್ತದೆ. ಅಡ್ಡಕ್ಕೆ ಇಷ್ಟು ಇಂಚು, ಅಲ್ಲಿಂದ ಮೇಲಕ್ಕೆ ಅಥವಾ ಕೆಳಕ್ಕೆ ಇಷ್ಟು ಎಂದು ಅದನ್ನು ಅಳೆಯುತ್ತಾರೆ. ಅದನ್ನು ಕಂಡುಹಿಡಿಯುವ ಕ್ರಮ ನೋಡಲು ಸೊಗಸಾದದ್ದು. ಎಣ್ಣೆ ಹಾಕಿದ ಲೇನಿನ (ಚೆಂಡು ಉರುಳುವ ಪಟ್ಟಿಯ) ಮೇಲೆ ಎಸೆದ ಚೆಂಡು ಹಿಂದಿರುಗಿ ಬಂದಾಗ ಅದರ ಮೈಮೇಲೆ ಎಣ್ಣೆಯ ತೆಳುವಾದ ಗೆರೆಗಳು ಒಂದರ ಪಕ್ಕ ಒಂದು ಬಿದ್ದಿರುತ್ತವೆ. ಎರಡು ಕಡೆ ಅವೆಲ್ಲ ಒಂದೆಡೆ ಕೂಡಿಕೊಂಡು, ಉಳಿದೆಡೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ. ಅವುಗಳಲ್ಲಿ ಮೊದಲು ಬಿದ್ದ ಗೆರೆಯನ್ನು ಡ್ರಿಲ್ಲರ್ ಮೇಣದ ಪೆನ್ಸಿಲ್‌ನಿಂದ ತಿದ್ದಿ, ಆ ಗೆರೆಯ ಎಲ್ಲ ಕಡೆಯಿಂದಲೂ ಸಮದೂರದಲ್ಲಿರುವ ಬಿಂದುವನ್ನು ಬಾಗಿದ ಅಳತೆಪಟ್ಟಿಯಿಂದ ಗುರುತಿಸುತ್ತಾರೆ. ಅಲ್ಲಿ ಚಿಕ್ಕದೊಂದು ಟೇಪಿನ ಚೂರು ಅಂಟಿಸಿ ಮತ್ತೆ ಎಸೆದಾಗ, ಚೆಂಡು ಕೈಬಿಟ್ಟ ಕೂಡಲೇ ಆ ಚೂರು ಅಲುಗಾಡದೆ ಒಂದೇ ಕಡೆ ನಿಂತಂತೆ ಕಂಡರೆ ಅಳತೆ ಸರಿ ಎಂದರ್ಥ. ಈ ಅಳತೆಯಿಲ್ಲದೆ ಹಾಕಿದ ಲೇಔಟ್ ಬೇರೆ ಯಾರದೋ ಕೈಗೆ ಹಾಕಿದ್ದು ಎಂದೇ ನಾನು ತಿಳಿಯುತ್ತೇನೆ.

ಇನ್ನು ಚೆಂಡಿನ ಕಡೆಗೆ ಬರೋಣ. ಅದರ ಮೇಲೆ ಕಾಣುವ ಬಣ್ಣದ ಚಿಕ್ಕ ಚುಕ್ಕೆಯೇ ಪಿನ್. ಒಳಗಿನ ಕೋರ್‌ನ ತಲೆ ಎಲ್ಲಿದೆ ಎಂಬುದನ್ನು ಅದು ತೋರಿಸುತ್ತದೆ. ಪಿನ್‌ನಿಂದ ಪಿಎಪಿಗೆ ಎಷ್ಟು ದೂರ ಎಂಬುದು ಲೇಔಟ್‌ನಲ್ಲಿ ಮೊದಲು ತೀರ್ಮಾನವಾಗಬೇಕಾದ ಸಂಖ್ಯೆ. ಚೆಂಡಿನ ಸುತ್ತಳತೆ ಸುಮಾರು 27 ಇಂಚು ಇರುವುದರಿಂದ ಈ ದೂರ ಸೊನ್ನೆಯಿಂದ ಅದರ ಕಾಲುಭಾಗದವರೆಗೆ, ಅಂದರೆ 6¾ ಇಂಚಿನವರೆಗೆ, ಇರಬಹುದು. ಎರಡು ತುದಿಗಳಲ್ಲೂ ಕೋರ್ ಸ್ಥಿರವಾಗಿ ತಿರುಗುವುದರಿಂದ ಎಣ್ಣೆಯ ಗೆರೆಗಳು ಹೆಚ್ಚುಕಡಿಮೆ ಒಂದರ ಮೇಲೊಂದು ಬೀಳುತ್ತವೆ. ಸರಿಯಾಗಿ ನಡುವೆ, 3⅜ ಇಂಚಿನ ಆಸುಪಾಸಿನಲ್ಲಿ, ಕೋರ್ ಅತ್ಯಂತ ಅಸ್ಥಿರವಾಗಿದ್ದು ಗೆರೆಗಳು ಅತಿ ಹೆಚ್ಚು ಹರಡುತ್ತವೆ. ಈ ಹರಡುವಿಕೆಯೇ ಫ್ಲೇರ್. ಪ್ರತಿ ಸುತ್ತಿನಲ್ಲೂ ಎಣ್ಣೆ ಅಂಟದ ಹೊಸ ಮೈ ಲೇನಿಗೆ ತಾಗುವುದರಿಂದ ಘರ್ಷಣೆ ಉಳಿಯುತ್ತದೆ, ಚೆಂಡು ತಿರುವು ಪಡೆಯುತ್ತದೆ.

ಆದರೆ ಫ್ಲೇರ್ ಒಂದನ್ನೇ ನೋಡಿದರೆ ಅರ್ಧ ವಿಷಯ ಕೈತಪ್ಪುತ್ತದೆ. 2 ಇಂಚಿನ ದೂರವೂ 4¾ ಇಂಚಿನ ದೂರವೂ ಹತ್ತಿರಹತ್ತಿರ ಒಂದೇ ಪ್ರಮಾಣದ ಫ್ಲೇರ್ ಕೊಡುತ್ತವೆ. ಹಾಗಿದ್ದರೂ ಲೇನಿನ ಮೇಲೆ ಅವೆರಡೂ ಬೇರೆಯೇ ಚೆಂಡುಗಳು. ಪಿನ್ ಪಿಎಪಿಗೆ ಹತ್ತಿರವಿದ್ದಾಗ ಚೆಂಡು ಬೇಗನೆ ಉರುಳಲು ತೊಡಗಿ ಮೆತ್ತಗೆ ಬಾಗುತ್ತದೆ. ದೂರವಿದ್ದಾಗ ಹೆಚ್ಚು ದೂರ ಜಾರಿ ಹೋಗಿ ಆಮೇಲೆ ತಿರುಗುತ್ತದೆ. ಬಹುಮಂದಿಗೆ 4ರಿಂದ 5 ಇಂಚಿನ ನಡುವಿನ ದೂರ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಗರಿಷ್ಠ ಫ್ಲೇರ್‌ಗಾಗಿ 3⅜ ಇಂಚನ್ನೇ ಕೇಳುವವರು, ಅಷ್ಟು ಫ್ಲೇರ್ ಬೇಕಾಗುವಷ್ಟು ಎಣ್ಣೆಯ ಲೇನಿನಲ್ಲಿ ತಾವು ಎಷ್ಟು ಸಲ ಆಡುತ್ತೇವೆ ಎಂದು ಒಮ್ಮೆ ಯೋಚಿಸಬೇಕು.

ಬೌಲಿಂಗ್ ಚೆಂಡುಗಳ ವಿನ್ಯಾಸಕಾರ ಮೋ ಪಿನೆಲ್ ಅವರು ರೂಪಿಸಿದ ಡ್ಯುಯಲ್ ಆಂಗಲ್ ಪದ್ಧತಿಯಲ್ಲಿ ಈ ದೂರದ ಜೊತೆಗೆ ಎರಡು ಕೋನಗಳು ಸೇರುತ್ತವೆ. ಉದಾಹರಣೆಗೆ 50 × 4½ × 35 ಎಂದು ಬರೆದಿದ್ದರೆ ಮೊದಲನೆಯದು ಡ್ರಿಲ್ಲಿಂಗ್ ಕೋನ (ಪಿನ್‌ನಿಂದ ಪಿಎಪಿಗೆ ಮತ್ತು ಪಿನ್‌ನಿಂದ ಮಾಸ್ ಬಯಸ್‌ಗೆ, ಅಂದರೆ ಕೋರ್ ಹೆಚ್ಚು ಭಾರವಿರುವ ಪಕ್ಕದ ಗುರುತಿಗೆ, ಎಳೆದ ಗೆರೆಗಳ ನಡುವಿನ ಕೋನ), ನಡುವಿನದು ಪಿನ್‌ನಿಂದ ಪಿಎಪಿಗೆ ಇರುವ ದೂರ, ಕೊನೆಯದು ಪಿನ್‌ನಿಂದ ಪಿಎಪಿಗೆ ಎಳೆದ ಗೆರೆಗೆ ಪಿಎಪಿಯ ಮೂಲಕ ಹಾದುಹೋಗುವ ಲಂಬರೇಖೆಯೊಂದಿಗಿನ ಕೋನ. ಡ್ರಿಲ್ಲಿಂಗ್ ಕೋನ ಚಿಕ್ಕದಾದಷ್ಟೂ ಚೆಂಡು ಜಾರುವುದನ್ನು ಬೇಗ ಬಿಟ್ಟು ಹುಕ್ ಆರಂಭಿಸುತ್ತದೆ. ಲಂಬರೇಖೆಯ ಕೋನ ಚಿಕ್ಕದಾದರೆ ಹುಕ್‌ನಿಂದ ಉರುಳುವಿಕೆಗೆ ಚುರುಕಾಗಿ ಹೊರಳುತ್ತದೆ, ದೊಡ್ಡದಾದರೆ ನಿಧಾನವಾಗಿ, ಉದ್ದನೆಯ ಬಾಗಿನಲ್ಲಿ ಹೊರಳುತ್ತದೆ. ಎಸೆತದ ವೇಗ ಹೆಚ್ಚಿದ್ದು ಸುತ್ತು ಕಡಿಮೆಯಿರುವ ಆಟಗಾರನಿಗೆ ಎರಡೂ ಕೋನಗಳ ಮೊತ್ತ ಚಿಕ್ಕದಿರಬೇಕು, ಇಲ್ಲವಾದರೆ ಚೆಂಡು ತಿರುಗುವ ಮೊದಲೇ ಲೇನಿನ 60 ಅಡಿ ಮುಗಿದಿರುತ್ತದೆ. ಸುತ್ತು ಹೆಚ್ಚಿದ್ದು ವೇಗ ಕಡಿಮೆಯಿರುವವನಿಗೆ ದೊಡ್ಡ ಮೊತ್ತವೇ ಹಿತ. ಮಾಸ್ ಬಯಸ್ ಗುರುತಿರುವ ಅಸಮ ಕೋರ್‌ನ ಚೆಂಡುಗಳಲ್ಲಿ ಡ್ರಿಲ್ಲಿಂಗ್ ಕೋನದ ಪ್ರಭಾವ ಸ್ಪಷ್ಟವಾಗಿ ಕಾಣುತ್ತದೆ, ಸಮ ಕೋರ್‌ನವುಗಳಲ್ಲಿ ಅಷ್ಟಿಲ್ಲ.

ಮೊದಲೆಲ್ಲ ಲೇಔಟ್ ಅಂದುಕೊಂಡಂತೆ ಬಾರದಿದ್ದರೆ ಬ್ಯಾಲೆನ್ಸ್ ತೂತೊಂದನ್ನು ಹೆಚ್ಚುವರಿಯಾಗಿ ಕೊರೆದು ಫ್ಲೇರ್ ಅನ್ನು ಹೆಚ್ಚಿಸಲು ಅಥವಾ ತಗ್ಗಿಸಲು ಅವಕಾಶವಿತ್ತು. ಅಮೆರಿಕದ ಬೌಲಿಂಗ್ ಆಡಳಿತ ಸಂಸ್ಥೆಯಾದ ಯುಎಸ್‌ಬಿಸಿಯ ನಿಯಮದಂತೆ 2020ರ ಆಗಸ್ಟ್ 1ರಿಂದ ಆ ದಾರಿ ಮುಚ್ಚಿದೆ: ಚೆಂಡಿನಲ್ಲಿರುವ ಪ್ರತಿಯೊಂದು ತೂತನ್ನೂ ಹಿಡಿತಕ್ಕೆ ಬಳಸಲೇಬೇಕು. ಹೆಬ್ಬೆರಳು ಹಾಕದೆ ಎಸೆಯುವವರು ಹೆಬ್ಬೆರಳಿನ ತೂತನ್ನೇ ಕೊರೆಸುವಂತಿಲ್ಲ. ಆದ್ದರಿಂದ ಮೊದಲ ತೀರ್ಮಾನವೇ ಬಹುಮಟ್ಟಿಗೆ ಕೊನೆಯದು, ಅದಕ್ಕೆ ಮುಂಚಿನ ಮಾತುಕತೆಗೆ ಹೆಚ್ಚು ಸಮಯ ಕೊಡಬೇಕು. ಇರುವ ಚೆಂಡುಗಳನ್ನೂ ಜೊತೆಗೆ ಒಯ್ದು ಡ್ರಿಲ್ಲರ್ ಮುಂದಿಟ್ಟು, "ಲೇನು ಒಣಗತೊಡಗಿದಾಗ ಇದು ಬೇಗ ಬಾಗಿಬಿಡುತ್ತದೆ, ಆಗ ಕೈಗೆತ್ತಿಕೊಳ್ಳಲು ಒಂದು ಬೇಕು" ಎಂದು ಹೇಳಿದರೆ ಅವರಿಗೆ ಸಿಗುವ ಮಾಹಿತಿ ಎಷ್ಟೋ ಹೆಚ್ಚು.

ಕೊರೆಯುವ ಯಂತ್ರಕ್ಕೆ ಚೆಂಡು ಏರುವ ಮುನ್ನ, ಪೆನ್ಸಿಲ್‌ನಲ್ಲಿ ಬರೆದ ಗುರುತುಗಳನ್ನು ಒಮ್ಮೆ ನೋಡಲು ಕೇಳಿ. ಗೆರೆಗಳು ಹರಡುವ ಹಾದಿಯಲ್ಲಿ ಬೆರಳಿನ ಅಥವಾ ಹೆಬ್ಬೆರಳಿನ ತೂತು ಸಿಕ್ಕಿಕೊಳ್ಳುವಂತಿದ್ದರೆ ಚೆಂಡು ಉರುಳುವಾಗ ಟಕಟಕ ಸದ್ದು ಮಾಡುತ್ತಾ ತೂತಿನ ಮೇಲೆಯೇ ಹಾದುಹೋಗುತ್ತದೆ. ಕಾಗದದ ಮೇಲೆ ಎಷ್ಟೇ ಚೆನ್ನಾಗಿ ಕಂಡರೂ ಆ ಲೇಔಟ್ ಬೇಡ. ಕೊರೆಸಿದ ಮೇಲೆ ಚೆಂಡಿನ ನಡೆ ನಿರೀಕ್ಷೆಗಿಂತ ತುಸು ಬೇಗ ಅಥವಾ ತುಸು ತಡವೆನಿಸಿದರೆ ಲೇಔಟ್ ಅನ್ನು ದೂರುವ ಮೊದಲು ಮೇಲ್ಮೈಯನ್ನು ಉಜ್ಜಿಸಿ ಅಥವಾ ಪಾಲಿಶ್ ಹಾಕಿಸಿ ನೋಡಿ. ಚೆಂಡಿನ ಒಟ್ಟು ನಡೆಯಲ್ಲಿ ಲೇಔಟ್‌ಗಿಂತ ಮೇಲ್ಮೈಯ ಪಾಲು ದೊಡ್ಡದು, ಮತ್ತು ಒರಟುಕಾಗದದಿಂದ ಮಾಡಿದ ಬದಲಾವಣೆಯನ್ನು ಮರುದಿನವೇ ಮತ್ತೆ ಬದಲಿಸಬಹುದು.