ಮೂರು ಸಲ ಬರೆದ ಎಸ್ಸೇ, ಮತ್ತೆ ತೋಟದ ಮದ್ದು

ಎಂಬಿಎ ಅಪ್ಲಿಕೇಶನ್ ಬಗ್ಗೆ ಬರಿ ಬರಿ ಅಂತ ನಮ್ಮ ಬದಿಯಡ್ಕದ ಇಬ್ರು ಹುಡುಗ್ರು ತಲೆ ತಿಂತಾ ಇದ್ದಾರೆ, ಅದಕ್ಕೆ ಇದು. ಜಿಮ್ಯಾಟ್ ವಿಷಯ ನಾನೆಂತ ಹೇಳೂದಿಲ್ಲ, ಎಂಬಿಎ ಸೇರ್ಲಿಕ್ಕೆ ಬರೆಯುವ ಎರಡೂಕಾಲು ಗಂಟೆಯ ಪರೀಕ್ಷೆ, 205ರಿಂದ 805ರವರೆಗೆ ಸ್ಕೋರು, ಕೂತು ಓದಿದ್ರೆ ಬರ್ತದೆ. ನನ್ನ ಬೆವರಿಳಿಸಿದ್ದು ಅಪ್ಲಿಕೇಶನ್ ಜೊತೆ ನಮ್ಮ ಬಗ್ಗೆ ನಾವೇ ಬರೆದು ಕಳಿಸುವ ಎಸ್ಸೇ ಮಾರಾಯ್ರೆ.

ಮೊದಲು ದುಡ್ಡು ಕೊಟ್ಟು ಒಬ್ರು ಕನ್ಸಲ್ಟೆಂಟ್ ಹತ್ರ ಹೋದೆ. ಕಾಸರಗೋಡು, ಕನ್ನಡ ಮೀಡಿಯಂ ಅಂತ ಕೇಳಿದ್ದೇ ಅವರ ಮುಖ ಅರಳಿತು. ದೂರದ ಗಡಿ ಹಳ್ಳಿಯಲ್ಲಿ ಭಾಷೆಯ ಕಷ್ಟದಲ್ಲಿ ಬೆಳೆದ ಬಡ ಹುಡುಗ ಅಂತ ಒಂದು ಪ್ಯಾರಾ ಅವರೇ ಬರೆದು ಕಳಿಸಿದ್ರು. ಎಂತ ದೂರ? ಕಾಸರಗೋಡಿಂದ ಮಂಗಳೂರಿಗೆ 50 ಕಿಲೋಮೀಟರ್. 1956ರಲ್ಲಿ ನಮ್ಮನ್ನು ಕೇರಳಕ್ಕೆ ಸೇರಿಸಿದ್ದರ ಬೇಜಾರು ಅಜ್ಜನ ಬಾಯಲ್ಲಿ ಬೇಕಾದಷ್ಟು ಕೇಳಿದ್ದೇನೆ, ಆದ್ರೆ ಅದನ್ನು ಸೀಟಿಗೋಸ್ಕರ ಮಾರ್ಲಿಕ್ಕೆ ಮನಸ್ಸು ಬರ್ಲಿಲ್ಲ. ಕೊಟ್ಟ ದುಡ್ಡು ಹೋಯ್ತು.

ಆಮೇಲೆ ನಾನೇ ಬರೆದೆ. ಸ್ಟ್ಯಾನ್‌ಫೋರ್ಡಿನವರದ್ದು ಒಂದು ಪ್ರಸಿದ್ಧ ಪ್ರಶ್ನೆ ಉಂಟಲ್ಲ, ನಿಮಗೆ ಎಲ್ಲಕ್ಕಿಂತ ಮುಖ್ಯ ಯಾವುದು, ಯಾಕೆ ಅಂತ, ಅವರೇ ಹೇಳುವ ಅಳತೆ 650 ಪದ. ನಾನು ಅಲ್ಲಿಗೆ ಹಾಕಿದ್ದಲ್ಲ, ಪ್ರಾಕ್ಟೀಸಿಗೆ ಅಂತ ಆಫೀಸ್ ಪ್ರಾಜೆಕ್ಟಿನ ಕತೆ ಬರೆದು ಅಕ್ಕನಿಗೆ ಕಳಿಸಿದೆ. ಅವಳು 'ವಿ', ಅಂದ್ರೆ 'ನಾವು' ಇರುವಲ್ಲೆಲ್ಲ ಕೆಂಪು ಸುತ್ತು ಹಾಕಿ ವಾಪಸ್ ಕಳಿಸಿದ್ಳು, ಪೇಪರಿಗೆ ಸಿಡುಬು ಎದ್ದ ಹಾಗೆ ಕಾಣ್ತಿತ್ತು. ಇದ್ರಲ್ಲಿ ನೀನು ಎಲ್ಲಿದ್ದಿ ಅಂತ ಕೇಳಿದ್ಳು.

ಇದು ನಮ್ಮಲ್ಲಿ ತುಂಬ ಜನರಿಗೆ ಆಗುವ ತೊಂದ್ರೆ ಅಂತ ನನಗೆ ಕಾಣ್ತದೆ. ಮನೆಯಲ್ಲಿ 'ನಾನು ಮಾಡಿದ್ದು' ಅಂದ್ರೆ ಕೂಡ್ಲೆ ಯಾರಾದ್ರೂ, ಹೌದಾ, ಒಬ್ಬನೇ ಮಾಡಿದ್ದಾ ಅಂತ ಕೇಳ್ತಾರೆ. ಹಾಗಾಗಿ ಬಾಯಿಗೆ ಬರೂದೇ 'ನಾವು'. ಆದ್ರೆ ಅಡ್ಮಿಶನ್ ಕಮಿಟಿಯವರು ತಗೊಳ್ಳೂದು ನನ್ನನ್ನು, ನನ್ನ ಟೀಮನ್ನಲ್ಲ, ಅವರ ಎದುರು ಅದೇ ಐಟಿ ಪ್ರಾಜೆಕ್ಟಿನ ಕತೆ ಹೇಳುವ ಇಂಜಿನಿಯರುಗಳ ರಾಶಿಯೇ ಬಿದ್ದಿರ್ತದೆ.

ಎರಡನೇ ಸಲ ಆಫೀಸ್ ಕತೆ ಬಿಟ್ಟು ಊರಿನ ವಿಷಯ ತಗೊಂಡೆ. ಅಡಿಕೆಗೆ ಮಳೆಗಾಲಕ್ಕೆ ಮೊದ್ಲು ಒಮ್ಮೆ ಬೋರ್ಡೋ ಅಂತ ಮೈಲುತುತ್ತು-ಸುಣ್ಣದ ಮದ್ದು ಬಿಡ್ಬೇಕು, ಮತ್ತೆ 40-45 ದಿನಕ್ಕೆ ಇನ್ನೊಮ್ಮೆ, ತಪ್ಪಿದ್ರೆ ಕೊಳೆರೋಗ. ಮದ್ದು ಬಿಡುವವರು ಸಿಗೂದೇ ಇಲ್ಲ. ಅದಕ್ಕೆ ನಾನು ನಮ್ಮ ಸುತ್ತಿನ 11 ಮನೆಗೆ ಒಂದು ಶೀಟ್ ಮಾಡಿ ವಾಟ್ಸಾಪಲ್ಲಿ ಹಾಕಿದ್ದೆ, ಯಾವ ದಿನ ಯಾರ ತೋಟ ಅಂತ. ಈ ಸಲ ಎಲ್ಲ ಕಡೆ 'ಐ', ಐ ಡಿಸೈನ್ಡ್, ಐ ಲೆಡ್. ಓದಿ ನೋಡಿದ್ರೆ ನನಗೇ ನಾಚಿಕೆ ಆಯ್ತು, ಯಾಕೆಂದ್ರೆ ಆ ಶೀಟ್ ಮೊದಲನೇ ದಿನವೇ ಮಗುಚಿ ಬಿದ್ದಿತ್ತು.

ನಡೆದದ್ದು ಹೀಗೆ. ನಾನು ಮನೆ ಹೆಸರಿನ ಅಕ್ಷರಮಾಲೆ ಪ್ರಕಾರ ಪಟ್ಟಿ ಮಾಡಿದ್ದೆ. ಮದ್ದು ಬಿಡುವ ಅಣ್ಣ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ ಕಲಸಿ, ಕತ್ತಿ ಅದ್ದಿ ತೆಗೆದು ನೋಡ್ತಾ ಇದ್ರು, ಕತ್ತಿ ಕೆಂಪಾದ್ರೆ ಸುಣ್ಣ ಸಾಕಾಗ್ಲಿಲ್ಲ ಅಂತ ಲೆಕ್ಕ. ಹಾಗೆ ನೋಡ್ತಾನೇ ಹೇಳಿದ್ರು, "ನಿಮ್ಮ ಪಟ್ಟಿಯ ಮೊದಲನೇ ತೋಟ ತೋಡಿನ ಬದಿ ಅಲ್ವಾ, ಹತ್ತು ಗಂಟೆ ಆದ್ರೂ ಗೊನೆ ಒಣಗೂದಿಲ್ಲ. ಒದ್ದೆ ಗೊನೆಗೆ ಮದ್ದು ಬಿಟ್ಟು ಎಂತ ಸಿಗ್ತದೆ?" ಗುಡ್ಡೆಯ ಮೇಲಿನ ತೋಟ ಬೆಳಗ್ಗೆ, ತೋಡಿನ ಬದಿಯದ್ದು ಮಧ್ಯಾಹ್ನ ಅಂತ ಅವರೇ ಆರ್ಡರ್ ಹಾಕಿದ್ರು, ನಾನು ಶೀಟ್ ತಿದ್ದಿದೆ. ಆ ವರ್ಷ 9 ಮನೆಗೆ ಎರಡನೇ ಮದ್ದು ಸಮಯಕ್ಕೆ ಆಯ್ತು, 2 ಮನೆಗೆ ಆಗ್ಲಿಲ್ಲ.

ಮೂರನೇ ಸಲ ಇದನ್ನೇ ಬರೆದೆ. ಜನ ಸೇರ್ಸಿದ್ದು ನಾನು, ಆರ್ಡರ್ ಹಾಕಿದ್ದು ಅವರು, ತಪ್ಪು ನನ್ನದು, ಆಗದ 2 ಮನೆಯೂ ಸೇರಿ. ಅಕ್ಕ ಈ ಸಲ ಎಲ್ಲಿಯೂ ಸುತ್ತು ಹಾಕ್ಲಿಲ್ಲ, ಸ್ಪೆಲ್ಲಿಂಗ್ ಮಾತ್ರ ತಿದ್ದಿದ್ಳು.

ರೆಕಮೆಂಡೇಶನ್ ಲೆಟರಿನದ್ದು ಬೇರೆಯೇ ಗಲಾಟೆ. ನೀನೇ ಬರಿ, ನಾನು ಸಬ್ಮಿಟ್ ಮಾಡ್ತೇನೆ ಅಂದ್ರು ಬಾಸ್. ಆದ್ರೆ ಅದ್ರಲ್ಲಿ ಇವನಿಗೆ ನೀವು ಕೊಟ್ಟ ಅತಿ ಮುಖ್ಯ ಫೀಡ್‌ಬ್ಯಾಕ್ ಯಾವುದು, ಇವನು ಹೇಗೆ ತಗೊಂಡ ಅಂತ ಪ್ರಶ್ನೆ ಉಂಟು, ನನ್ನ ಕುಂದನ್ನು ನಾನೇ ಬರಿಯೂದು ಹೇಗೆ? ಚಾ ಕುಡಿಸಿ ಅರ್ಧ ಗಂಟೆ ಕೂತು ಹಳೇ ಎರಡು ಪ್ರಾಜೆಕ್ಟ್ ನೆನಪು ಮಾಡಿದೆ, ಮತ್ತೆ ಅವರೇ ಬರೆದ್ರು. ಎದುರಿನವರು ಮಾತು ಮುಗಿಸುವ ಮೊದ್ಲೇ ಉತ್ತರ ಕೊಡ್ತಾನೆ ಅಂತ ಬರೆದಿದ್ರಂತೆ. ಸುಳ್ಳಲ್ಲ.

ಇಂಟರ್‌ವ್ಯೂ ಕಾಲ್ ಬಂತು. ಪ್ಯಾನೆಲಲ್ಲಿ ಒಬ್ರು ಎಸ್ಸೇ ಪ್ರಿಂಟ್ ಹಿಡ್ಕೊಂಡು, ಕತ್ತಿ ಕೆಂಪಾದ್ರೆ ಎಂತ ಮಾಡ್ತೀರಿ ಅಂತ ಇಂಗ್ಲಿಷಲ್ಲಿ ಕೇಳಿದ್ರು. ಅವರ ಪ್ರಶ್ನೆ ಮುಗಿಯುವ ಮೊದ್ಲೇ ನನ್ನ ಬಾಯಿಂದ ಬಂತು, "ವಿ ಆಡ್ ಲೈಮ್."

ವಿ!