ಖೋಟಾ ಪ್ರಜ್ಞೆ

ಕಳೆದ ತಿಂಗಳು ಮೌಲ್ಯಮಾಪನಕ್ಕೆ ಅಂತ ಒಂದು ಪಿಎಚ್‌ಡಿ ಥೀಸಿಸ್ ಬಂತು. ನಲವತ್ತು ಪುಟ ಓದುವಷ್ಟರಲ್ಲಿ ಒಂದು ಕಡೆ ಕಣ್ಣು ಸಿಕ್ಕಿಕೊಂಡಿತು. ‘ಆರ್ಟಿಫಿಷಿಯಲ್ ಇಂಟೆಲಿಜೆನ್ಸ್’ ಇರಬೇಕಾದ ಜಾಗದಲ್ಲಿ ‘ಕೌಂಟರ್‌ಫೀಟ್ ಕಾನ್ಷಸ್‌ನೆಸ್’ ಅಂತಿತ್ತು. ಖೋಟಾ ಪ್ರಜ್ಞೆ! ಒಬ್ಬನೇ ಕೂತು ನಕ್ಕೆ. ಮುಂದಿನ ಪುಟದಲ್ಲೂ ಅದೇ ಇತ್ತು. ಆಗ ನಗು ಬರಲಿಲ್ಲ.

ಇದು ಹಳೇ ಉಪಾಯ. ಬೇರೆಯವರ ಸಂಶೋಧನಾ ಪೇಪರ್ ಕದ್ದು ಸಾಫ್ಟ್‌ವೇರಿಗೆ ಹಾಕುತ್ತಾರೆ. ಅದು ಒಂದು ಪದ ತೆಗೆದು ಹೆಚ್ಚುಕಮ್ಮಿ ಅದೇ ಅರ್ಥದ ಇನ್ನೊಂದು ಪದ ಕೂರಿಸುತ್ತದೆ. ನಕಲು ಪತ್ತೆಹಚ್ಚುವ ಪ್ರೋಗ್ರಾಮ್ ಮೋಸಹೋಗುತ್ತದೆ. ಫ್ರಾನ್ಸಿನ ಕಂಪ್ಯೂಟರ್ ವಿಜ್ಞಾನಿ ಗಿಯೋಮ್ ಕಬಾನಾಕ್ ಮತ್ತು ಜೊತೆಗಾರರು 2021ರಲ್ಲಿ ಇಂಥ ವಿಚಿತ್ರ ಪದಗಳನ್ನು ಹುಡುಕಿ ಬಯಲಿಗೆ ತಂದಿದ್ದರು. ಹಾಗೆ ಸಿಕ್ಕ ಪೇಪರ್‌ಗಳು ಸಂಶೋಧನಾ ಜರ್ನಲ್‌ಗಳಲ್ಲಿ ಅಚ್ಚಾಗಿದ್ದವು. ಅಂದರೆ ಬರೆದವನೂ ಓದಿಲ್ಲ, ಗೈಡೂ ಓದಿಲ್ಲ, ಪ್ರಕಟಿಸಿದವರೂ ಓದಿಲ್ಲ. ಅದಕ್ಕೂ ಮೊದಲು, 2013ರಲ್ಲಿ, ಪತ್ರಕರ್ತ ಜಾನ್ ಬೊಹಾನನ್ ಬೇಕಂತಲೇ ತಪ್ಪು ತುಂಬಿದ ಒಂದು ಸುಳ್ಳು ಪೇಪರನ್ನು ಯಾರು ಬೇಕಾದರೂ ಪುಕ್ಕಟೆ ಓದಬಹುದಾದ 304 ‘ಓಪನ್ ಆಕ್ಸೆಸ್’ ಜರ್ನಲ್‌ಗಳಿಗೆ ಕಳಿಸಿದ್ದರು. 157 ಜರ್ನಲ್‌ಗಳು ಒಪ್ಪಿಕೊಂಡವು.

ನಾನು ಓದಿದ ಮರುದಿನ ಆ ಥೀಸಿಸ್ ಬರೆದ ಹುಡುಗನ ಗೈಡ್ ಫೋನ್ ಮಾಡಿದರು. “ಸಾರ್, ಅವನ ಪ್ರಮೋಷನ್ ಇದರಿಂದಲೇ ನಿಂತಿದೆ. ಸ್ವಲ್ಪ ನೋಡಿಕೊಳ್ಳಿ.” ಕೆಟ್ಟ ಮನುಷ್ಯರೇನಲ್ಲ. ವರ್ಷಕ್ಕೆ ಇಷ್ಟು ಪೇಪರ್, ಇಷ್ಟು ಪಿಎಚ್‌ಡಿ ಅನ್ನುವ ಲೆಕ್ಕ ಅವರ ತಲೆ ಮೇಲೂ ಇದೆ. ಎಣಿಸುವವರು ಇದ್ದಾರೆ, ಓದುವವರು ಇಲ್ಲ. ನಾನು ‘ನೋಡ್ತೀನಿ’ ಅಂದೆ. ಮೂರು ಪುಟದ ವರದಿ ಬರೆದು ಥೀಸಿಸ್ ವಾಪಸ್ ಕಳಿಸಿದೆ. ಅವರು ಮತ್ತೆ ಫೋನ್ ಮಾಡಿಲ್ಲ.

ಇಷ್ಟೇ ಆಗಿದ್ದರೆ ನಾನು ದೊಡ್ಡ ಸಾಚಾ ಅಂತ ಬೀಗಬಹುದಿತ್ತು, ಅಲ್ವಾ? ಹನ್ನೊಂದು ವರ್ಷದ ಹಿಂದೆ ನನ್ನ ವಿದ್ಯಾರ್ಥಿನಿಯೊಬ್ಬಳು “ಸಾರ್, ಪೇಪರ್‌ಗೆ ನಿಮ್ಮ ಹೆಸರೂ ಹಾಕಿದ್ದೀನಿ” ಅಂದಳು. ಬೇಡ ಅನ್ನಲಿಲ್ಲ. ಪೇಪರನ್ನು ಸುಮ್ನೆ ತಿರುವಿ ಹಾಕಿದೆ ಅಷ್ಟೇ. ಆ ವರ್ಷದ ಅಪ್ರೈಸಲ್ ಫಾರ್ಮ್‌ನಲ್ಲಿ ಒಂದು ಸಾಲು ಜಾಸ್ತಿ ಆಯ್ತು. ಅದಕ್ಕೆ ಅಂಕವೂ ಬಂತು.

ಮೊನ್ನೆ ಅದನ್ನು ಹುಡುಕಿ ತೆಗೆದು ಮೊದಲ ಸಲ ಪೂರ್ತಿ ಓದಿದೆ. ಎರಡನೇ ಟೇಬಲ್‌ನ ಶೇಕಡಾವಾರು ಕೂಡಿಸಿದರೆ 112 ಬರುತ್ತದೆ.

ಅವಳಿಗೂ ತಿಳಿಸಿ, ಪೇಪರ್ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ ಅಂತ ಜರ್ನಲ್‌ಗೆ ಮೇಲ್ ಹಾಕಿದೆ. ಎರಡೇ ನಿಮಿಷದಲ್ಲಿ ಮೇಲ್ ಬೌನ್ಸ್ ಆಯ್ತು. ಆ ಜರ್ನಲ್ಲೇ ಈಗ ಇಲ್ಲ. ನನ್ನ ಬಯೋಡೇಟಾದಲ್ಲಿ ಮಾತ್ರ ಇದೆ.